ಕೆಂಪು ಹಸುವಿನ ರಕ್ತ, ಕೆಂಪು ಹಸುವಿನ ಹೊಟ್ಟೆ

ನನ್ನ ಹೆಂಡತಿ ದನದ ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳ ಮೇಲೆ ಸಂಶೋಧನೆ ಮಾಡುವವಳು. ನಾನು ಮೂಡಿಗೆರೆಯಲ್ಲಿ ಕಾಫಿ ಪಲ್ಪರು, ಪಂಪ್‌ಸೆಟ್ಟು, ಸ್ಪ್ರೇಯರುಗಳ ರಿಪೇರಿ ಅಂಗಡಿ ಇಟ್ಟುಕೊಂಡವನು. ಮದುವೆಯಾದ ಹೊಸದರಲ್ಲಿ ಯಾರಾದರೂ ನಿಮ್ಮ ಮನೆಯವರು ಏನು ಮಾಡುತ್ತಾರೆ ಎಂದು ಕೇಳಿದರೆ, ದನದ ಡಾಕ್ಟರ್ ಎಂದು ಹೇಳಿ ಮಾತು ಮುಗಿಸುತ್ತಿದ್ದೆ. ಅದು ಪೂರ್ತಿ ಸುಳ್ಳೇನಲ್ಲ. ಅವಳು ಓದಿದ್ದು ಪಶುವೈದ್ಯಕೀಯವೇ. ಆಮೇಲೆ ಅದನ್ನು ಬಿಟ್ಟು ಲ್ಯಾಬು ಸೇರಿಕೊಂಡಿದ್ದಳು.

ಅವಳ ತವರು ಗದಗಿನ ಕಡೆ. ಮೊದಲ ಕೆಲವು ವರ್ಷ ಬಯಲುಸೀಮೆಯ ಒಂದು ಸಂಶೋಧನಾ ಕೇಂದ್ರದಲ್ಲಿದ್ದಳು. ರಜೆ ಸಿಕ್ಕಾಗ ನಮ್ಮೂರು ಜಾವಳಿಗೆ ಬಂದು ಹೋಗುತ್ತಿದ್ದಳು. ಮಲೆನಾಡು ಗಿಡ್ಡ ತಳಿಯ ಮೇಲೆ ಒಂದು ದೊಡ್ಡ ಕೆಲಸ ಅವಳ ಪಾಲಿಗೆ ಬಂದ ಮೇಲೆ ನಮ್ಮ ಮನೆಯಲ್ಲೇ ಉಳಿದು ಸುತ್ತಮುತ್ತಲ ಊರುಗಳಲ್ಲಿ ತಿರುಗುವುದೆಂದು ಗೊತ್ತಾಯಿತು. ನನಗೆ ಖುಷಿಯಾಯಿತು. ಅವ್ವನಿಗೂ ಖುಷಿಯಾಯಿತು, ಆದರೆ ಸೊಸೆ ಬಂದ ವಾರದಲ್ಲೇ ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಸಗಣಿ ತುಂಬಿದ ಸಣ್ಣ ಸಣ್ಣ ಡಬ್ಬಿಗಳನ್ನು ಕಂಡು ಆ ಖುಷಿ ಸ್ವಲ್ಪ ಇಳಿಯಿತು. ಮಾರನೇ ದಿನ ನಾನು ಮೂಡಿಗೆರೆಯಿಂದ ಹಳೆಯದೊಂದು ಫ್ರಿಜ್ ತಂದು, ಕಂಪ್ರೆಸರ್ ಸರಿ ಮಾಡಿ, ಸೌದೆ ಕೊಟ್ಟಿಗೆಯ ಮೂಲೆಯಲ್ಲಿ ಇಟ್ಟುಕೊಟ್ಟೆ. ಅದಕ್ಕೆ ಅವ್ವ ಸಗಣಿ ಫ್ರಿಜ್ ಎಂದು ಹೆಸರಿಟ್ಟಳು.

ಅವ್ವನ ಹತ್ತಿರ ನಾಲ್ಕೈದು ಗಿಡ್ಡ ದನಗಳಿದ್ದವು. ಸೊಂಟದೆತ್ತರ ಬರುವ ಪುಟ್ಟ ಹಸುಗಳು. ಬೆಳಿಗ್ಗೆ ಕಟ್ಟು ಬಿಚ್ಚಿದರೆ ತೋಟದ ಮೇಲಿನ ಹುಲ್ಲುಗುಡ್ಡಕ್ಕೆ, ನಮ್ಮ ಮಾತಿನ ಬ್ಯಾಣಕ್ಕೆ, ಹತ್ತಿ, ಅಲ್ಲಿನ ಒರಟು ಹುಲ್ಲನ್ನೂ ಕಾಡಂಚಿನ ಸೊಪ್ಪನ್ನೂ ಮೇದು ಸಂಜೆ ತಾವೇ ಮನೆಗೆ ಬರುತ್ತಿದ್ದವು. ಹಿಂಡಿ, ಬೂಸಾ ಅವು ಕಂಡದ್ದೇ ಕಡಿಮೆ. ಮನೆಯ ಅಕ್ಕಚ್ಚು ಸಿಕ್ಕಿದರೆ ಅದೇ ಹಬ್ಬ. ಕಾಫಿಗೆ, ಮಜ್ಜಿಗೆಗೆ ಸಾಕಾಗುವಷ್ಟು ಹಾಲು ಕೊಡುತ್ತಿದ್ದವು. ಬೇಲಿಯಾಚೆ ನಾನು ಚಿಕ್ಕಮ್ಮ ಎಂದು ಕರೆಯುವ ನೆರೆಯವಳು ಸಾಕಿದ್ದು ಕ್ರಾಸ್ ಹಸು. ಎತ್ತರದ ಆಳು, ಕೊಡಗಟ್ಟಲೆ ಹಾಲು. ಡೈರಿಗೆ ಹಾಕುವ ಆ ಹಾಲಿನ ಮೇಲೆಯೇ ಅವಳ ಸಂಸಾರ ನಡೆಯುತ್ತಿತ್ತು. ಗಂಡ ಬಾಳೂರಿನ ಎಸ್ಟೇಟೊಂದರಲ್ಲಿ ಮೇಸ್ತ್ರಿ, ವಾರಕ್ಕೊಮ್ಮೆ ಮನೆಗೆ ಬರುವವನು.

ನನ್ನ ಹೆಂಡತಿಗೆ ಈ ಎರಡು ಕೊಟ್ಟಿಗೆಗಳು ಒಂದೇ ಬೇಲಿಯ ಆಚೀಚೆ ಇದ್ದದ್ದು ದೊಡ್ಡ ಅನುಕೂಲವಾಗಿ ಕಂಡಿತು. ಅವಳು ಹುಡುಕುತ್ತಿದ್ದದ್ದೇನು ಎಂಬುದನ್ನು ನನಗೆ ಅರ್ಥವಾಗುವ ಹಾಗೆ ಒಂದು ದಿನ ಹೇಳಿದ್ದಳು. ಹುಲ್ಲನ್ನು ದನ ತಾನೇ ಅರಗಿಸಿಕೊಳ್ಳುವುದಿಲ್ಲವಂತೆ. ಅದರ ದೊಡ್ಡ ಹೊಟ್ಟೆಯಲ್ಲಿ ಲೆಕ್ಕವಿಲ್ಲದಷ್ಟು ಸೂಕ್ಷ್ಮಜೀವಿಗಳಿದ್ದು, ಅವು ಹುಲ್ಲನ್ನು ಮುರಿದು ದನಕ್ಕೆ ಬೇಕಾದ್ದನ್ನು ಮಾಡಿಕೊಡುತ್ತವೆ. ಬರೀ ಒರಟು ಹುಲ್ಲು ತಿಂದು ಗಿಡ್ಡ ಗಟ್ಟಿಯಾಗಿ ಬದುಕುತ್ತದೆ, ಕ್ರಾಸ್ ಹಸು ಅದನ್ನೇ ತಿಂದರೆ ಸೊರಗುತ್ತದೆ. ಹಾಗಾದರೆ ಗಿಡ್ಡದ ಗಟ್ಟಿತನ ಅದರ ರಕ್ತದಲ್ಲಿ ಬಂದದ್ದೋ, ಹೊಟ್ಟೆಯೊಳಗಿನ ಆ ಜೀವಿಗಳದ್ದೋ? ತಳಿಯೇ ತನಗೆ ಬೇಕಾದ ಜೀವಿಗಳನ್ನು ಆರಿಸಿ ಇಟ್ಟುಕೊಳ್ಳುತ್ತದೋ, ಅಥವಾ ತಿನ್ನುವ ಹುಲ್ಲು, ಕುಡಿಯುವ ನೀರು ಅದನ್ನು ತೀರ್ಮಾನ ಮಾಡುತ್ತದೋ? ಇಷ್ಟು ಪ್ರಶ್ನೆ. ಇದಕ್ಕಾಗಿ ಅವಳಿಗೆ ಸಗಣಿ ಬೇಕಿತ್ತು, ರಕ್ತ ಬೇಕಿತ್ತು, ಎಲ್ಲಕ್ಕಿಂತ ಮುಖ್ಯವಾಗಿ ದನದ ಹೊಟ್ಟೆಯೊಳಗಿನ ರಸ ಬೇಕಿತ್ತು.

ಇದನ್ನು ಅವ್ವನಿಗೂ ಬಿಡಿಸಿ ಹೇಳಿದಳು. ಅವ್ವ ಪೂರ್ತಿ ಕೇಳಿಸಿಕೊಂಡು, "ಇದನ್ನ ಕೇಳೋಕೆ ಇಷ್ಟೆಲ್ಲ ಓದ್ಬೇಕಿತ್ತಾ ಮಾರಾಯ್ತಿ? ನಮ್ಮತ್ತೆ ಕಾಲದಿಂದ ಬಂದ ತಳಿ ಅದು. ಗಟ್ಟಿ ಇಲ್ದೆ ಎಂತ ಆಗ್ತದೆ?" ಎಂದಳು.

ಸಗಣಿಗೆ ಅವ್ವನ ಅಡ್ಡಿಯಿರಲಿಲ್ಲ. ರಕ್ತಕ್ಕೆ ಮೊದಲು ಒಪ್ಪಲಿಲ್ಲ. ಚಿಕ್ಕಮ್ಮನ ಹಸುವಿನ ಕುತ್ತಿಗೆಯಿಂದ ನನ್ನ ಹೆಂಡತಿ ರಕ್ತ ತೆಗೆದದ್ದನ್ನು ಬೇಲಿಯ ಮೇಲಿಂದ ನೋಡಿ, ಹಸು ಮೆಲುಕು ಹಾಕುವುದನ್ನೂ ನಿಲ್ಲಿಸಲಿಲ್ಲ ಎಂದು ಖಾತ್ರಿಯಾದ ಮೇಲೆ ತನ್ನ ದನಗಳನ್ನೂ ಹಿಡಿದುಕೊಟ್ಟಳು. ಆದರೆ ಹೊಟ್ಟೆಯ ರಸ ತೆಗೆಯುವುದೆಂದರೆ ಬಾಯಿಯಿಂದ ಉದ್ದನೆಯ ಕೊಳವೆ ಇಳಿಸಿ, ಕೈಪಂಪಿನಲ್ಲಿ ಎಳೆಯಬೇಕು. ಅದು ಮಾತ್ರ ಸಾಧ್ಯವೇ ಇಲ್ಲ ಎಂದುಬಿಟ್ಟಳು. ತನ್ನ ಗಂಟಲಿಗೆ ಯಾರಾದರೂ ಪೈಪು ಇಳಿಸಿದರೆ ತಾನು ಸುಮ್ಮನಿರುತ್ತೇನಾ ಎಂದು ಕೇಳಿದಳು. ನನ್ನ ಹೆಂಡತಿ ಒತ್ತಾಯ ಮಾಡಲಿಲ್ಲ. ತನ್ನ ಪಟ್ಟಿಯಲ್ಲಿ ಅವ್ವನ ದನಗಳ ಎದುರಿಗಿನ ಆ ಕಾಲಮ್ಮನ್ನು ಖಾಲಿ ಬಿಟ್ಟು ಬಾಳೂರು, ಕಳಸದ ಕಡೆಯ ಊರುಗಳಿಗೆ ಹೋಗತೊಡಗಿದಳು.

ಭಾನುವಾರ ಅಂಗಡಿಗೆ ರಜೆ. ಅವತ್ತು ನಾನೂ ಜೀಪಿನಲ್ಲಿ ಐಸ್ ಬಾಕ್ಸ್ ಹಿಡಿದುಕೊಂಡು ಅವಳ ಜೊತೆ ಹೋಗುತ್ತಿದ್ದೆ. ಲ್ಯಾಬಿನಿಂದ ಅವಳಿಗೆ ಕೊಟ್ಟಿದ್ದ ಕೊಳವೆಯ ತುದಿ ಹುಲ್ಲಿನ ಎಳೆಗಳಿಂದ ಪದೇ ಪದೇ ಕಟ್ಟಿಕೊಳ್ಳುತ್ತಿತ್ತು. ಎಳೆದಷ್ಟೂ ಗಾಳಿ ಬರುತ್ತಿತ್ತು, ರಸ ಬರುತ್ತಿರಲಿಲ್ಲ, ದನಕ್ಕೆ ಸುಮ್ಮನೆ ಹಿಂಸೆ. ಪಂಪ್‌ಸೆಟ್ಟಿನ ಫುಟ್‌ವಾಲ್ವಿನಲ್ಲಿ ಕಸ ಕಟ್ಟಿಕೊಳ್ಳುವುದೂ ಹೀಗೆಯೇ. ಸ್ಟೀಲಿನ ಒಂದು ತುದಿಗೆ ಸುತ್ತಲೂ ಸಣ್ಣ ತೂತು ಕೊರೆದು, ಮೂತಿಯನ್ನು ದುಂಡಗೆ ಉಜ್ಜಿ, ಗಂಟಲಿಗೆ ಎಲ್ಲೂ ತಾಗದ ಹಾಗೆ ಪಾಲಿಶ್ ಮಾಡಿ ಕೊಟ್ಟೆ. ದನ ಕೊಳವೆಯನ್ನು ಕಚ್ಚದಿರಲಿ ಎಂದು ನೇರಳೆ ಮರದ ತುಂಡೊಂದಕ್ಕೆ ನಡುವೆ ತೂತು ಮಾಡಿ ಬಾಯಿಗೆ ಅಡ್ಡ ಇಡುವ ಹಾಗೆ ಕೆತ್ತಿದೆ. ಅದು ಕೆಲಸ ಮಾಡಿತು. ಇಷ್ಟು ವರ್ಷ ರಿಪೇರಿ ಮಾಡಿದ ಯಾವ ಯಂತ್ರದಿಂದಲೂ ಆಗದಷ್ಟು ಸಂತೋಷ ಅವತ್ತು ನನಗಾಯಿತು. ಅವಳು ಹೊಗಳಲಿಲ್ಲ, ಇನ್ನೊಂದು ಜೊತೆ ಮಾಡಿಕೊಡಿ ಎಂದಳು.

ಮುಂಗಾರು ಇನ್ನೂ ಹಿಡಿದಿರಲಿಲ್ಲ. ಹಲಸು ಹಣ್ಣಾಗಿ, ತೋಟದ ನೆರಳಿಗೆ ಬಿಟ್ಟ ಮರಗಳಿಂದ ದಬದಬ ಬೀಳುತ್ತಿದ್ದ ದಿನಗಳು. ಒಂದು ಭಾನುವಾರ ಬೆಳಿಗ್ಗೆ ನಾವು ತಿಂಡಿ ತಿನ್ನುತ್ತಿದ್ದಾಗ ಚಿಕ್ಕಮ್ಮ ಬೇಲಿ ಸರಿಸಿಕೊಂಡು ಓಡಿ ಬಂದಳು. ಅವಳ ಹಸು ಹಿಂದಿನ ದಿನ ಹಗ್ಗ ಕಿತ್ತುಕೊಂಡು ತೋಟಕ್ಕೆ ನುಗ್ಗಿ, ಬಿದ್ದಿದ್ದ ಹಲಸಿನ ಹಣ್ಣುಗಳನ್ನೆಲ್ಲ ಸಿಪ್ಪೆ ಸಮೇತ ತಿಂದುಬಿಟ್ಟಿತ್ತು. ಈಗ ಮೇಲೇಳುತ್ತಿರಲಿಲ್ಲ.

ನಾವು ಹೋಗಿ ನೋಡಿದಾಗ ಹಸು ಹಲ್ಲು ಕಡಿಯುತ್ತ ಮಲಗಿತ್ತು. ಕಣ್ಣು ಒಳಗೆ ಹೋಗಿದ್ದವು. ಸಗಣಿ ನೀರಿನ ಹಾಗೆ ಆಗಿ ಕೊಟ್ಟಿಗೆಯೆಲ್ಲ ಹುಳಿ ವಾಸನೆ. ನನ್ನ ಹೆಂಡತಿ ಅದರ ಎಡಹೊಟ್ಟೆಗೆ ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಕೂತಳು. ಸರಿಯಾಗಿರುವ ದನದ ಹೊಟ್ಟೆ ದೂರದ ಗುಡುಗಿನ ಹಾಗೆ ಸದ್ದು ಮಾಡುತ್ತಲೇ ಇರುತ್ತದೆ, ಇದರಲ್ಲಿ ಸದ್ದೇ ಇಲ್ಲ ಎಂದಳು. ಸಿಹಿ ಒಂದೇ ಸಲ ಹೊಟ್ಟೆಗೆ ಹೋದದ್ದರಿಂದ ಒಳಗೆಲ್ಲ ಹುಳಿಯಾಗಿ, ಹುಲ್ಲು ಅರಗಿಸುವ ಜೀವಿಗಳು ಸಾಯುತ್ತಿದ್ದವು. ಊರಿನ ದನದ ಡಾಕ್ಟರಿಗೆ ಫೋನ್ ಮಾಡಿದರೆ ಅವರು ಕಳಸದ ಕಡೆ ಇನ್ನೊಂದು ಹಸುವಿನ ಹೆರಿಗೆಯಲ್ಲಿದ್ದರು. ಬರುವವರೆಗೆ ಅಡುಗೆ ಸೋಡಾ ಕರಗಿಸಿ ಕುಡಿಸಿ ಎಂದರು. ಚಿಕ್ಕಮ್ಮ ಹಸುವಿನ ಬಾಯಿ ಹಿಡಿದಳು, ನನ್ನ ಹೆಂಡತಿ ಕೊಳವೆಯಲ್ಲಿ ಹೊಯ್ದಳು.

ಮಧ್ಯಾಹ್ನದ ಹೊತ್ತಿಗೆ ಡಾಕ್ಟರು ಬಂದು ಡ್ರಿಪ್ ಹಾಕಿ, ಹೊಟ್ಟೆಯಲ್ಲಿದ್ದದ್ದನ್ನು ಆದಷ್ಟು ತೊಳೆದು ತೆಗೆದರು. ಆಮೇಲೆ ಕೈ ಒರೆಸಿಕೊಳ್ಳುತ್ತ ನನ್ನ ಹೆಂಡತಿಗೆ, ಈಗ ಒಳಗೆ ಖಾಲಿ ಚೀಲ ಇದ್ದ ಹಾಗೆ, ಚೆನ್ನಾಗಿರುವ ದನದ ಹೊಟ್ಟೆಯ ರಸ ಸಿಕ್ಕಿದರೆ ಹಾಕಿ ನೋಡೋಣ, ನಿಮಗೆ ಹೇಳಬೇಕಾಗಿಲ್ಲವಲ್ಲ ಎಂದರು.

ಅವಳು ಅವ್ವನ ಕಡೆ ನೋಡಲಿಲ್ಲ. ಬೇಕೆಂದೇ ನೋಡಲಿಲ್ಲ ಎಂದು ನನಗೆ ಗೊತ್ತಿತ್ತು. ಚಿಕ್ಕಮ್ಮ ಹಸುವಿನ ಕುತ್ತಿಗೆ ಸವರುತ್ತ ನೆಲ ನೋಡುತ್ತಿದ್ದಳು. ಅವಳೂ ಕೇಳಲಿಲ್ಲ. ಅವ್ವ ಕೊಟ್ಟಿಗೆಯ ಕಂಬಕ್ಕೆ ಒರಗಿ ನಿಂತಿದ್ದವಳು ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಕೆಂಪಿನದನ್ನ ಹಿಡ್ಕೊಂಡು ಬಾ," ಎಂದಳು ನನಗೆ. "ಬೇರೆಯವು ಬೇಡ. ಅದು ನನ್ನ ಮಾತು ಕೇಳ್ತದೆ."

ಬ್ಯಾಣದಿಂದ ಕೆಂಪು ಹಸುವನ್ನು ಇಳಿಸಿಕೊಂಡು ಬಂದೆ. ಅವ್ವ ಅದರ ತಲೆಯನ್ನು ಎದೆಗೆ ಒತ್ತಿ ಹಿಡಿದು, ಕಿವಿಯ ಹತ್ತಿರ ಏನೋ ಹೇಳುತ್ತಲೇ ಇದ್ದಳು. ಕೊಳವೆ ಇಳಿಯುವಾಗ ಹಸು ಒಮ್ಮೆ ಕೊಸರಿತು. ಅವ್ವನ ಕಣ್ಣಲ್ಲಿ ನೀರು ಬಂದದ್ದನ್ನು ನಾನು ನೋಡಿದೆ, ಆದರೆ ಹಿಡಿದ ಕೈ ಸಡಿಲಿಸಲಿಲ್ಲ. ಪಂಪು ಎಳೆದ ಹಾಗೆ ಹಸಿರು ಬೆರೆತ ಕಂದು ಬಣ್ಣದ ರಸ ಬಂತು. ಅದು ತಣ್ಣಗಾದರೆ ಜೀವಿಗಳು ಸಾಯುತ್ತವೆ ಎಂದು ನನ್ನ ಹೆಂಡತಿ ಆತುರಪಟ್ಟಳು. ಅವಳ ಬಾಟಲಿಗಳು ಸಣ್ಣವು. ಅವ್ವನೇ ಮನೆಯೊಳಗಿನ ಕಾಫಿ ಫ್ಲಾಸ್ಕ್ ತರಲು ನನ್ನನ್ನು ಓಡಿಸಿದಳು. ಹಳೇ ಪಂಚೆಯಲ್ಲಿ ಸೋಸಿ, ಫ್ಲಾಸ್ಕಿಗೆ ತುಂಬಿ, ಬೇಲಿ ದಾಟಿಸಿದೆವು. ಡಾಕ್ಟರು ಅದನ್ನು ಚಿಕ್ಕಮ್ಮನ ಹಸುವಿನ ಹೊಟ್ಟೆಗೆ ಇಳಿಸಿದರು. ಕೆಂಪು ಹಸು ಮುಖ ಕೊಡವಿಕೊಂಡು ಮತ್ತೆ ಬ್ಯಾಣ ಹತ್ತಿ ಹೋಯಿತು. ಅದು ಮೇಯುವವರೆಗೆ ಅವ್ವ ಅಂಗಳದಲ್ಲಿ ನಿಂತೇ ಇದ್ದಳು.

ಮಾರನೇ ಬೆಳಿಗ್ಗೆ ಮತ್ತೊಂದು ಫ್ಲಾಸ್ಕ್ ಕೊಟ್ಟೆವು. ಆ ಸಂಜೆ ಬೇಲಿಯಾಚೆಯಿಂದ ಚಿಕ್ಕಮ್ಮನ ದನಿ ಕೇಳಿತು. "ಅಕ್ಕಾ, ಮೆಲುಕು ಹಾಕ್ತಾ ಐತೆ." ಅಷ್ಟು ಹೇಳಿ ಅವಳು ಅಲ್ಲೇ ಕಲ್ಲಿನ ಮೇಲೆ ಕೂತು ಅತ್ತಳು.

ನನ್ನ ಹೆಂಡತಿಗೆ ಇದರಲ್ಲಿ ಇನ್ನೊಂದು ಆಸಕ್ತಿ ಹುಟ್ಟಿತು. ಕ್ರಾಸ್ ಹಸುವಿನ ಹೊಟ್ಟೆಗೆ ಈಗ ಗಿಡ್ಡದ ಜೀವಿಗಳು ಹೋಗಿವೆ. ಅವು ಅಲ್ಲೇ ಉಳಿದರೆ, ಹೊಟ್ಟೆಯ ಜೀವಿಗಳಿಗೆ ತಳಿ ದೊಡ್ಡ ವಿಷಯವಲ್ಲ ಎಂದಾಗುತ್ತದೆ. ಅವು ಹೋಗಿ ಹಳೆಯವೇ ಮತ್ತೆ ಬಂದರೆ, ಆ ಹಸುವೇ, ಅಥವಾ ಅದು ತಿನ್ನುವ ಹಿಂಡಿಯೇ, ತನಗೆ ಬೇಕಾದವನ್ನು ಕರೆಸಿಕೊಂಡಿತು ಎಂದಾಗುತ್ತದೆ. ಚಿಕ್ಕಮ್ಮನನ್ನು ಕೇಳಿ, ಮಳೆಗಾಲವಿಡೀ ಆಗಾಗ ಆ ಹಸುವಿನ ಹೊಟ್ಟೆಯ ರಸ ತೆಗೆಯುತ್ತ ಹೋದಳು. ಅವ್ವ ಈಗ ತನ್ನ ದನಗಳಿಗೂ ಕೊಳವೆ ಹಾಕಲು ಬಿಟ್ಟಳು, ತಲೆ ಹಿಡಿಯುವವಳು ತಾನೇ ಆಗಿರಬೇಕು ಎಂಬ ಷರತ್ತಿನ ಮೇಲೆ.

ಅಲ್ಲಿಂದ ಅವ್ವನ ಮಾತಿಗೆ ಹೊಸ ಬಲ ಬಂತು. ಮದುವೆ ಮನೆಯಾಗಲಿ, ತಿಥಿ ಮನೆಯಾಗಲಿ, ಯಾರಾದರೂ ಸಿಕ್ಕಿದರೆ ಕೆಂಪು ಹಸುವಿನ ಕಥೆ ಹೇಳುತ್ತಿದ್ದಳು. ಡ್ರಿಪ್ಪಿನಿಂದ ಆಗದ್ದು ಅದರ ಹೊಟ್ಟೆ ನೀರಿನಿಂದ ಆಯಿತು, ತನ್ನ ಅತ್ತೆ ಕಾಲದ ಅಸಲಿ ತಳಿ, ಈಗ ಎಲ್ಲಿ ಸಿಗುತ್ತದೆ ಎನ್ನುವಳು. ಡ್ರಿಪ್ಪೂ ಬೇಕಿತ್ತು ಎಂದು ನನ್ನ ಹೆಂಡತಿ ತಿದ್ದಲು ಹೋಗಿ, ಕೊನೆಗೆ ಬಿಟ್ಟುಬಿಟ್ಟಳು. ಸೊಸೆಯ ಕೆಲಸ ಏನೆಂದು ಬಂಧುಗಳಿಗೆ ಈಗ ಅವ್ವನೇ ವಿವರಿಸುತ್ತಿದ್ದಳು. ನನಗಿಂತ ಚೆನ್ನಾಗಿ ವಿವರಿಸುತ್ತಿದ್ದಳು.

ರಕ್ತದ ಫಲಿತಾಂಶಗಳು ಬರುವ ಹೊತ್ತಿಗೆ ಕಾಫಿ ಕುಯ್ಲು ಶುರುವಾಗಿತ್ತು. ಅದು ನನ್ನ ಅಂಗಡಿಯಲ್ಲಿ ಉಸಿರಾಡಲು ಬಿಡುವಿಲ್ಲದ ಕಾಲ. ಒಂದು ಸಂಜೆ ಮನೆಗೆ ಬಂದಾಗ ಅವಳು ಲ್ಯಾಪ್‌ಟಾಪ್ ಎದುರು ಸುಮ್ಮನೆ ಕೂತಿದ್ದಳು. ಏನು ಎಂದು ಕೇಳಿದರೆ ಏನೂ ಇಲ್ಲ ಎಂದಳು. ಊಟದ ಮೇಲೆ ಹೇಳಿದಳು. ಅವ್ವನ ಬೇರೆ ದನಗಳೆಲ್ಲ ಶುದ್ಧ ಗಿಡ್ಡಗಳೇ. ಕೆಂಪು ಹಸುವಿನ ರಕ್ತದಲ್ಲಿ ಮಾತ್ರ ಹೊರಗಿನ ತಳಿಯ ಪಾಲು ಸ್ವಲ್ಪ ಸೇರಿತ್ತು. ಎರಡು ಮೂರು ತಲೆಮಾರಿನ ಹಿಂದೆ ಯಾವುದೋ ಸೀಮೆ ಹೋರಿ ಸೇರಿರಬೇಕು. ನೋಡಲು ಗಿಡ್ಡವೇ, ಆದರೆ ಶುದ್ಧ ತಳಿಯ ಪಟ್ಟಿಯಲ್ಲಿ ಅದನ್ನು ಇಡುವ ಹಾಗಿಲ್ಲ.

ಸ್ಯಾಂಪಲ್ ಅದಲುಬದಲಾಗಿರಬಹುದು ಎಂದು ಅವಳಿಗೆ ಮೊದಲು ಅನ್ನಿಸಿತು. ಹಾಗೇ ಆಗಿರಲಿ ಎಂದು ಅವಳು ಆಸೆಪಟ್ಟಳು ಎಂದೇ ನನ್ನ ಎಣಿಕೆ. ಮತ್ತೆ ರಕ್ತ ತೆಗೆದು ಕಳಿಸಿದಳು. ಯಾಕೆಂದು ಅವ್ವ ಕೇಳಿದಾಗ ಇನ್ನೊಮ್ಮೆ ನೋಡಬೇಕಾಗಿದೆ ಎಂದಷ್ಟೇ ಹೇಳಿದಳು. ಎರಡನೇ ಸಲವೂ ಅದೇ ಬಂತು.

ಅವ್ವನಿಗೆ ಹೇಳುವುದು ಬೇಡ ಎಂದು ನಾನು ಹೇಳಿದೆ. ವಯಸ್ಸಾದವಳು, ಆ ಒಂದು ಹಸುವಿನ ಮೇಲೆ ಅವಳಿಗೆ ಎಷ್ಟೊಂದು ಅಭಿಮಾನ. ನಿನ್ನ ಲೆಕ್ಕದಲ್ಲಿ ಏನು ಬೇಕಾದರೂ ಬರೆದುಕೋ, ಅವಳು ಓದುವುದಿಲ್ಲವಲ್ಲ ಎಂದೆ. ಬೇಸರವಾದಾಗ ನನ್ನ ಹೆಂಡತಿಯ ಮಾತು ಪೂರ್ತಿ ತವರಿನ ಕಡೆಗೆ ತಿರುಗುತ್ತದೆ.

"ನಾ ಕೇಳಿದ್ದಕ್ಕ ಅವ್ರು ಕೊಟ್ಟಾರ್ರಿ," ಎಂದಳು. "ಕೊಟ್ಟವರಿಗೆ ಏನ ಬಂತು ಅಂತ ಹೇಳಬ್ಯಾಡೇನು?"

ಮಾರನೇ ದಿನ ಅವ್ವ ಕಣದಲ್ಲಿ ಕಾಫಿ ಹರವುತ್ತಿದ್ದಳು. ನನ್ನ ಹೆಂಡತಿ ತಾನೂ ಒಂದು ಗೋರೆ ಹಿಡಿದು ಪಕ್ಕದಲ್ಲಿ ನಿಂತಳು. ನಾನು ಅಂಗಡಿಗೆ ಹೊರಟವನು ಬೈಕಿನ ಹತ್ತಿರವೇ ನಿಂತೆ.

"ಅತ್ತಿ, ಕೆಂಪ ಆಕಳದ ರಕ್ತದ ರಿಪೋರ್ಟ್ ಬಂದೈತ್ರಿ. ಅದರಾಗ ಹೊರಗಿನ ತಳಿ ರಕ್ತ ಸ್ವಲ್ಪ ಕೂಡೈತಿ."

ಅವ್ವ ಗೋರೆ ಎಳೆಯುವುದನ್ನು ನಿಲ್ಲಿಸಲಿಲ್ಲ. "ತಪ್ಪಿರ್ಬೇಕು," ಎಂದಳು.

"ನನಗೂ ಹಂಗ ಅನಿಸಿತ್ತು. ಅದಕ್ಕ ಎರಡನೇ ಸಲ ತೆಗದದ್ದು. ಅದ ಬಂತು."

"ಅದರ ಅಜ್ಜಿ ಈ ಕೊಟ್ಟಿಗೇಲಿ ಹುಟ್ಟಿದ್ದು. ನಾನು ಕಣ್ಣಾರೆ ನೋಡಿದ್ದೀನಿ. ನಿನ್ನ ಮಿಷನ್ನು ನೋಡಿತ್ತಾ?"

ನನ್ನ ಹೆಂಡತಿ ಇಲ್ಲ ಎಂದಳು. ಅಜ್ಜಿ ಇಲ್ಲೇ ಹುಟ್ಟಿದ್ದು ನಿಜವೇ ಇರಬೇಕು, ಅದರ ಅಪ್ಪ ಯಾರೆಂದು ಮಾತ್ರ ರಕ್ತ ಬೇರೆ ಹೇಳುತ್ತಿದೆ ಎಂದು ಮೆಲ್ಲಗೆ ಹೇಳಿದಳು. ಅವ್ವ ಗೋರೆಯನ್ನು ಕಣದ ಅಂಚಿಗೆ ಒರಗಿಸಿ ಒಳಗೆ ಹೋದಳು. ಉಳಿದ ಕಾಫಿಯನ್ನು ನನ್ನ ಹೆಂಡತಿ ಒಬ್ಬಳೇ ಹರವಿದಳು.

ಆಮೇಲಿನ ದಿನಗಳಲ್ಲಿ ಮನೆಯಲ್ಲಿ ಜಗಳವೇನೂ ಆಗಲಿಲ್ಲ. ಅವ್ವ ಸೊಸೆಗೆ ಕಾಫಿ ಕೊಡುತ್ತಿದ್ದಳು, ಊಟಕ್ಕೆ ಕರೆಯುತ್ತಿದ್ದಳು. ದನದ ಮಾತು ಮಾತ್ರ ಎತ್ತುತ್ತಿರಲಿಲ್ಲ. ಸಗಣಿ ಫ್ರಿಜ್ಜಿನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ನನ್ನ ಹೆಂಡತಿ ಎಂದಿನಂತೆ ಕೆಲಸ ಮಾಡುತ್ತಿದ್ದಳು, ಆದರೆ ಅವಳು ಕೊಟ್ಟಿಗೆಯ ಮುಂದೆ ಹಾದುಹೋಗುವಾಗ ಸ್ವಲ್ಪ ಬೇಗ ಹೆಜ್ಜೆ ಹಾಕುತ್ತಾಳೆ ಎಂದು ನನಗೆ ಅನ್ನಿಸುತ್ತಿತ್ತು. ಹೇಳದಿದ್ದರೆ ಚೆನ್ನಾಗಿತ್ತೇನೋ ಎಂದು ಅವಳೇ ಒಮ್ಮೆ ಅಂದಳು.

ಒಂದು ಬೆಳಿಗ್ಗೆ ಕೆಂಪು ಹಸುವಿನ ಹಾಲು ಕರೆಯುತ್ತಿದ್ದ ಅವ್ವ ನನ್ನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡಳು. ಕರೆಯುತ್ತಲೇ ಹೇಳಿದಳು. ನಾನಿನ್ನೂ ಹುಟ್ಟದಿದ್ದ ಕಾಲದ ಮಾತಲ್ಲ, ಹೈಸ್ಕೂಲಿಗೆಂದು ಹಾಸ್ಟೆಲಿನಲ್ಲಿದ್ದೆ, ಅದಕ್ಕೇ ನನಗೆ ನೆನಪಿಲ್ಲ ಅಷ್ಟೆ. ಈ ಹಸುವಿನ ಅಜ್ಜಿಯ ತಾಯಿ ಒಂದು ಮಳೆಗಾಲ ಬ್ಯಾಣದಿಂದ ಮನೆಗೆ ಬರಲಿಲ್ಲ. ಹುಲಿ ಹಿಡಿಯಿತು ಎಂದೇ ತಿಳಿದರು. ಮಳೆ ನಿಂತ ಮೇಲೆ ಬಾಳೂರಿನ ಕಡೆ ಒಂದು ಎಸ್ಟೇಟಿನ ದನಗಳ ಜೊತೆ ಅದು ಮೇಯುತ್ತಿರುವುದನ್ನು ಅಪ್ಪ ಕಂಡು ಹೊಡೆದುಕೊಂಡು ಬಂದರು. ಬಂದಾಗ ಗಬ್ಬವಾಗಿತ್ತು. ಹುಟ್ಟಿದ ಕರು ಬೇರೆ ಕರುಗಳಿಗಿಂತ ದಪ್ಪ, ಕಾಲು ಬೆಳ್ಳಗೆ. ಕಾಡಿನಲ್ಲಿ ಕಾಟಿ ಸೇರಿದೆ, ಕಾಟಿಗೂ ಹೀಗೇ ಕಾಲು ಬಿಳಿ ಎಂದು ಊರವರೆಲ್ಲ ಹೇಳಿದರು. ಕಾಡುಕೋಣದ ಮಗಳೆಂದು ಪಕ್ಕದೂರುಗಳಿಂದ ಜನ ನೋಡಲು ಬಂದರು. ಬಂದವರಿಗೆಲ್ಲ ಅವ್ವ ಕಾಫಿ ಮಾಡಿ ಕೊಟ್ಟಳು.

"ಆ ಎಸ್ಟೇಟಿನಲ್ಲಿ ಸೀಮೆ ಹೋರಿ ಇತ್ತು," ಎಂದಳು ಅವ್ವ. "ನಿಮ್ಮಪ್ಪನಿಗೆ ಗೊತ್ತಿತ್ತು ಅನ್ಸುತ್ತೆ. ನಾನು ಕಾಟಿ ಕಥೆ ಹೇಳ್ತಿದ್ರೆ ಅವ್ರು ಜಗಲೀಲಿ ಕೂತು ನಗ್ತಿದ್ರು. ನಾನು ಹೇಳೋ ಚಂದಕ್ಕೆ ನಗ್ತಿದ್ದಾರೆ ಅಂದ್ಕೊಂಡಿದ್ದೆ."

ಹಾಗೆ ಹೇಳುತ್ತ ಅವಳೂ ನಕ್ಕಳು. ಅಪ್ಪ ತೀರಿಕೊಂಡು ಕೆಲವು ವರ್ಷವಾಗಿತ್ತು. ಅವರ ಮಾತು ಬಂದಾಗ ಅವ್ವ ನಕ್ಕದ್ದನ್ನು ನಾನು ನೋಡಿದ್ದು ಬಹಳ ಕಡಿಮೆ.

ಆ ದಿನವೇ ಅವಳು ಸೊಸೆಯನ್ನು ಕರೆದು, ರಕ್ತದ ವಿಷಯ ಆಯಿತು, ಹೊಟ್ಟೆಯದು ಏನು ಬಂತು ಎಂದು ಕೇಳಿದಳು. ನನ್ನ ಹೆಂಡತಿ ಇದಕ್ಕೇ ಕಾಯುತ್ತಿದ್ದವಳ ಹಾಗೆ ಲ್ಯಾಪ್‌ಟಾಪ್ ತಂದು ಜಗಲಿಯ ಮೇಲಿಟ್ಟಳು. ಪರದೆಯ ಮೇಲೆ ಬಣ್ಣಬಣ್ಣದ ಚುಕ್ಕಿಗಳು. ಒಂದೊಂದು ಚುಕ್ಕಿಯೂ ಒಂದೊಂದು ದನದ ಹೊಟ್ಟೆ, ಒಂದೇ ತರದ ಜೀವಿಗಳಿರುವವು ಹತ್ತಿರ ಹತ್ತಿರ ಕೂತಿರುತ್ತವೆ ಎಂದು ತೋರಿಸಿದಳು. ಗಿಡ್ಡಗಳೆಲ್ಲ ಒಂದು ಕಡೆ ಗುಂಪಾಗಿದ್ದವು. ಕೆಂಪು ಹಸುವೂ ಆ ಗುಂಪಿನ ನಡುವೆಯೇ ಇತ್ತು. ರಕ್ತದಲ್ಲಿ ಬೆರಕೆಯಿದ್ದರೂ ಹೊಟ್ಟೆಯಲ್ಲಿ ಅದು ಉಳಿದ ಗಿಡ್ಡಗಳ ಹಾಗೆಯೇ. ಹುಟ್ಟಿದಾಗಿನಿಂದ ಇದೇ ಕೊಟ್ಟಿಗೆ, ಇದೇ ಬ್ಯಾಣ, ತಾಯಿ ನೆಕ್ಕಿದ್ದು, ಒಟ್ಟಿಗೆ ಮೇದದ್ದು.

ಚಿಕ್ಕಮ್ಮನ ಹಸುವಿನದು ಬೇರೆ ಕಥೆ. ರಸ ಹಾಕಿದ ಮೊದಮೊದಲು ಅದರ ಚುಕ್ಕಿ ಗಿಡ್ಡಗಳ ಹತ್ತಿರ ಸರಿದಿತ್ತು. ಮಳೆಗಾಲ ಮುಗಿಯುವಷ್ಟರಲ್ಲಿ ತನ್ನ ಹಳೆಯ ಜಾಗಕ್ಕೇ ವಾಪಸಾಗಿತ್ತು. ಅವ್ವನ ಹಸುವಿನ ಜೀವಿಗಳು ಅದಕ್ಕೆ ಕಷ್ಟದಲ್ಲಿ ಕೈಹಿಡಿದು, ಅದರದ್ದೇ ಜೀವಿಗಳು ಬೆಳೆಯುವವರೆಗೆ ಇದ್ದು, ಆಮೇಲೆ ಜಾಗ ಬಿಟ್ಟಿದ್ದವು. ಇದನ್ನು ಕೇಳಿ ಚಿಕ್ಕಮ್ಮನಿಗೆ ನಿರಾಸೆಯಾಯಿತು. ತನ್ನ ಹಸುವೂ ಇನ್ನು ಮೇಲೆ ಬರೀ ಬ್ಯಾಣದ ಹುಲ್ಲಿನಲ್ಲಿ ಹಾಲು ಕೊಡಬಹುದು, ಹಿಂಡಿಯ ಖರ್ಚು ಉಳಿಯಬಹುದು ಎಂದು ಅವಳು ಆಸೆ ಇಟ್ಟುಕೊಂಡಿದ್ದಳು. ಹಾಗೆ ಆಗುವುದಿಲ್ಲ ಎಂದು ನನ್ನ ಹೆಂಡತಿ ಅವಳಿಗೂ ಕೂತು ಹೇಳಿದಳು. ಬದುಕಿಕೊಂಡಿತಲ್ಲ, ಸಾಕು ಎಂದಳು ಚಿಕ್ಕಮ್ಮ.

ಅವ್ವ ಮಾತ್ರ ಕೆಂಪು ಹಸುವಿನ ಚುಕ್ಕಿಯನ್ನೇ ಮತ್ತೆ ಮತ್ತೆ ತೋರಿಸಲು ಹೇಳಿದಳು. ಹಾಗಾದರೆ ಅದು ನಮ್ಮದೇ ಆಯಿತಲ್ಲ ಎಂದಳು. ನನ್ನ ಹೆಂಡತಿ ಅದಕ್ಕೂ ಪೂರ್ತಿ ಹೂಂ ಅನ್ನಲಿಲ್ಲ. ಒಂದು ಹಸುವಿನಿಂದ ಏನೂ ಹೇಳಲಾಗುವುದಿಲ್ಲ, ಬೆರಕೆಯ ಪಾಲು ಕಡಿಮೆ ಇದ್ದದ್ದರಿಂದ ಹಾಗಾಗಿರಬಹುದು, ಒಟ್ಟಿಗೆ ಬೆಳೆದದ್ದರಿಂದಲೂ ಇರಬಹುದು, ಇಂಥ ಇನ್ನೂ ಹತ್ತಾರು ದನ ನೋಡಬೇಕು ಎಂದಳು. ಅವ್ವನಿಗೆ ಈ ಉತ್ತರ ಅಷ್ಟೇನೂ ಹಿಡಿಸಲಿಲ್ಲ.

"ನಿನ್ನ ಬರವಣಿಗೇಲಿ ಅದನ್ನ ಬಿಟ್ಟುಬಿಡ್ತೀಯ?" ಎಂದು ಕೇಳಿದಳು.

"ಬಿಡಂಗಿಲ್ರಿ ಅತ್ತಿ. ಬೆರಕಿ ಐತಿ ಅಂತ ಹೇಳಿ ಬ್ಯಾರೆ ಬರಿತೀನಿ."

ಅವ್ವ ಒಪ್ಪಿಕೊಂಡವಳ ಹಾಗೆ ತಲೆಯಾಡಿಸಿದಳು. ಆ ವರ್ಷ ಕಪ್ಪು ಹಸು ಹೋರಿಗರು ಹಾಕಿತು. ಹೋರಿಗರು ಹುಟ್ಟಿದರೆ ಯಾರಿಗಾದರೂ ಕೊಟ್ಟುಬಿಡುವುದು ಅವಳ ರೂಢಿ. ಇದನ್ನು ಕೊಡಲಿಲ್ಲ. ಅದರ ರಕ್ತ ನೋಡು ಎಂದು ತಾನಾಗಿಯೇ ಸೊಸೆಗೆ ಹೇಳಿದಳು. ಶುದ್ಧ ಎಂದು ಬಂದ ಮೇಲೆ ಊರಿನ ಗಿಡ್ಡಗಳಿಗೆ ಇದೇ ಹೋರಿ ಇರಲಿ ಎಂದು ಸಾಕಿದಳು.

ಇಂಥ ಬೆರಕೆ ದನಗಳನ್ನು ಹುಡುಕಿಕೊಂಡು ನನ್ನ ಹೆಂಡತಿ ಈಗ ಇನ್ನಷ್ಟು ದೂರ ಹೋಗಬೇಕಾಯಿತು. ಕಳಸದಿಂದ ಮೇಲೆ, ಜೀಪು ಮಾತ್ರ ಹೋಗುವ ಒಂದು ಮನೆಯಲ್ಲಿ ಏಳೆಂಟು ಗಿಡ್ಡಗಳಿದ್ದವು. ಮನೆಯ ಯಜಮಾನಿ ಅವ್ವನ ವಯಸ್ಸಿನವರು. ಅಡಿಕೆ, ಮೆಣಸು, ಸ್ವಲ್ಪ ಕಾಫಿ ಇದ್ದ ಮನೆ. ಎರಡು ಸಲ ಹೋದರೂ ಅವರು ಕೊಳವೆ ಹಾಕಲು ಬಿಟ್ಟಿರಲಿಲ್ಲ. ಮೂರನೇ ಸಲ ಹೊರಟಾಗ ಅವ್ವ ತಾನೂ ಬರುತ್ತೇನೆ ಎಂದಳು. ಜೀಪಿನ ಹಿಂದಿನ ಸೀಟಿನಲ್ಲಿ ಐಸ್ ಬಾಕ್ಸಿನ ಮೇಲೆ ಕೈಯಿಟ್ಟುಕೊಂಡು ಕೂತಳು.

ಆ ಮನೆಯಲ್ಲಿ ಮೊದಲು ಪಾನಕ ಬಂತು. ಯಾರ ಕಡೆಯವರು, ಯಾವ ಊರು ಎಂದೆಲ್ಲ ಆಯಿತು. ಅವ್ವ ಹಲಸಿನ ಹಣ್ಣಿನ ಕಥೆ ಹೇಳಿದಳು. ಡ್ರಿಪ್ಪಿನ ಮಾತನ್ನೂ ಈ ಸಲ ಬಿಡಲಿಲ್ಲ. ಯಜಮಾನಿ ಕೇಳಿ, ಅಂಥ ಹಸು ಅಂದರೆ ನಿಮ್ಮದು ಅಸಲಿ ತಳಿಯೇ ಇರಬೇಕು ಎಂದರು. ನನ್ನ ಹೆಂಡತಿ ಕೈಚೀಲದೊಳಗೆ ಏನೋ ಹುಡುಕುವವಳ ಹಾಗೆ ತಲೆ ತಗ್ಗಿಸಿದಳು.

"ಬೇರೆಯವೆಲ್ಲ ಅಸಲಿ," ಎಂದಳು ಅವ್ವ. "ಆ ಕೆಂಪು ಹಸುವಿನದು ಸ್ವಲ್ಪ ಬೆರಕೆ ಅಂತೆ. ನಾನು ಇಷ್ಟು ವರ್ಷ ಬೇರೇನೇ ಹೇಳ್ಕೊಂಡು ತಿರುಗ್ತಿದ್ದೆ. ಇವಳು ರಕ್ತ ನೋಡಿ ಹೇಳಿದ್ಲು."

ಯಜಮಾನಿ ನನ್ನ ಹೆಂಡತಿಯನ್ನು ಈಗ ಹೊಸದಾಗಿ ನೋಡಿದರು. ಕೊಳವೆಯನ್ನು ತಮ್ಮ ಕೈಗೆ ಕೊಡಲು ಹೇಳಿ, ಅದರ ತುದಿಯನ್ನು ಹೆಬ್ಬೆರಳಿನಿಂದ ಸುತ್ತಲೂ ಸವರಿದರು. ಚುಚ್ಚುವುದಿಲ್ಲ ಎಂದು ಮನಸ್ಸಿಗೆ ಬಂದ ಮೇಲೆ ಕೊಟ್ಟಿಗೆಯ ಕಡೆ ನಡೆದರು. ಒಂದು ಬೂದು ಬಣ್ಣದ ಹಸುವನ್ನು ಅವರೊಂದು ಕಡೆ, ಅವ್ವನೊಂದು ಕಡೆ ನಿಂತು ಹಿಡಿದರು. ಅವ್ವ ಅದರ ಕಿವಿಯ ಹತ್ತಿರ ಮಾತಾಡತೊಡಗಿದಳು. ನನ್ನ ಹೆಂಡತಿ ಮೆಲ್ಲಗೆ ಕೊಳವೆ ಇಳಿಸಿದಳು, ನಾನು ಪಂಪು ಎಳೆದೆ.

ಮುಗಿದ ಮೇಲೆ ಯಜಮಾನಿ ಹಸುವಿನ ಬಾಯಿ ಒರೆಸಿ, ಒಂದು ಹಿಡಿ ಹುಲ್ಲು ಕೊಟ್ಟು ಅದು ತಿನ್ನುವುದನ್ನು ನೋಡಿದರು. ಆಮೇಲೆ ಅವ್ವನಿಗೆ, ಇದರದ್ದು ಏನು ಬಂದರೂ ನನಗೆ ತಿಳಿಸಬೇಕು, ಒಳ್ಳೆಯದಾದರೂ ಸರಿ, ಅಲ್ಲದಿದ್ದರೂ ಸರಿ ಎಂದರು.

"ತಿಳಿಸ್ತಾಳೆ," ಎಂದಳು ಅವ್ವ. "ಅವಳು ಹೇಳ್ದೆ ಇರೋಳಲ್ಲ."

ನನ್ನ ಹೆಂಡತಿ ಬಾಟಲಿಗೆ ಚೀಟಿ ಅಂಟಿಸುತ್ತಿದ್ದಳು. ಯಜಮಾನಿಯ ಫೋನ್ ನಂಬರು ಕೇಳಿ ಅದನ್ನೂ ಆ ಚೀಟಿಯ ಮೇಲೆ ಬರೆದುಕೊಂಡಳು. ಯಜಮಾನಿ ನಮ್ಮನ್ನು ಊಟ ಮಾಡಿಸದೆ ಬಿಡಲಿಲ್ಲ. ಐಸ್ ಕರಗುತ್ತದೆ ಎಂದು ನನ್ನ ಹೆಂಡತಿ ಗಡಿಬಿಡಿ ಮಾಡುತ್ತಿದ್ದರೂ, ಅವ್ವ ಇನ್ನೊಂದು ಸೌಟು ಸಾರು ಹಾಕಿಸಿಕೊಂಡು ನಿಧಾನವಾಗಿ ಉಂಡಳು.